ಆನಿ ಬರಲಿಲ್ಲ

ನಮ್ಮವ್ವನ ತವರುಮನೆ ಬಬಲೇಶ್ವರ ಕಡೆ. ಅಲ್ಲಿ ಮುತ್ಯಾನದು ಎರಿ ಹೊಲ, ಹಿಂಗಾರಿ ಜೋಳ. ನಮ್ಮ ಮನೆ ಟಿಕೋಟಾದಲ್ಲಿ; ಅಪ್ಪ, ಕಾಕಾ ಕೂಡಿ ಮೂರೂವರೆ ಎಕರೆ ದ್ರಾಕ್ಷಿ ಮಾಡುತ್ತಾರೆ. ಎರಡು ಊರಿನ ನಡುವೆ ದೂರ ಹೆಚ್ಚೇನಿಲ್ಲ, ಬೈಕ್ ಹತ್ತಿದರೆ ತಾಸಿನೊಳಗೆ ಮುಟ್ಟಬಹುದು. ಆದರೆ ನವೆಂಬರಿನಲ್ಲಿ ಒಂದು ಮಳೆ ಬಿತ್ತೆಂದರೆ ಅಲ್ಲಿಂದ ಮುತ್ಯಾ ಫೋನ್ ಮಾಡಿ "ಯವ್ವಾ, ಬಂಗಾರದಂಥಾ ಮಳಿ ಆತು" ಅಂತಾನೆ. ಇಲ್ಲಿ ಕಾಕಾ ಟಾರ್ಚ್ ಹಿಡಿದು ದ್ರಾಕ್ಷಿ ಪಡಕ್ಕೆ ಓಡುತ್ತಿರುತ್ತಾನೆ. ಅವ್ವ ಫೋನ್ ಕಿವಿಗೆ ಹಿಡಿದುಕೊಂಡು ನಗಬೇಕೋ ಅಳಬೇಕೋ ತಿಳಿಯದೆ ನಿಲ್ಲುತ್ತಾಳೆ.

ನಮ್ಮ ಕನ್ನಡ ಸಂಘದ ಗೆಳತಿ "ಈ ಸಲ ಎಲ್ಲಾರೂ ತಮಗ ಬೇಕಾದ ಪುಸ್ತಕದ ಬಗ್ಗೆ ಬರೀರಿ" ಅಂದಾಗ ಉಳಿದವರು ಕಾದಂಬರಿಗಳ ಹೆಸರು ಕೊಟ್ಟರು. ನಾನು ಕೊಟ್ಟ ಹೆಸರು ಕೇಳಿ ಅವಳು ನಕ್ಕಳು. ಅದರಲ್ಲಿ ಕಥೆ ಇಲ್ಲ, ವಾಕ್ಯಗಳೂ ಇಲ್ಲ ಅನ್ನಬೇಕು. ಬರೇ ಅಂಕಿಗಳು. ಅದರ ಹೆಸರು 'ಕ್ಲೈಮಟಲಾಜಿಕಲ್ ಟೇಬಲ್ಸ್ ಆಫ್ ಅಬ್ಸರ್ವೇಟರೀಸ್ ಇನ್ ಇಂಡಿಯಾ'. ಭಾರತ ಹವಾಮಾನ ಇಲಾಖೆ ಹೊರತರುವ ಪುಸ್ತಕ. ಅದನ್ನು ನಾನು ಯಾಕೆ ಹುಡುಕಿದೆ ಅಂತ ಹೇಳಬೇಕೆಂದರೆ ಮೊದಲು ಬಕೆಟ್ಟಿನ ಕಥೆ ಹೇಳಬೇಕು.

2021ರ ನವೆಂಬರ್. ನಾನಾಗ ಸೆಕೆಂಡ್ ಪಿಯುಸಿ. ಆ ತಿಂಗಳು ಕರ್ನಾಟಕದ ತುಂಬ ಅಕಾಲಿಕ ಮಳೆ ಬಿತ್ತು, ನಿಮಗೂ ನೆನಪಿರಬಹುದು. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲ್‌ದು ಕಡ್ಡಿ ಬೆಳೆಸಲಿಕ್ಕೆ, ಅಕ್ಟೋಬರ್‌ದು ಹಣ್ಣಿಗೆ. ಅಕ್ಟೋಬರ್ ಚಾಟ್ನಿ ಆಗಿ ಒಂದೂವರೆ ತಿಂಗಳಿಗೆ ಗೊನೆ ಹೂವಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ಎಲೆ ಒದ್ದೆಯಾಗಿ ಉಳಿದರೆ ಡೌನಿ ರೋಗ ಬರುತ್ತದೆ, ಎಲೆ ಕೆಳಗೆ ಬಿಳಿ ಬೂಸ್ಟು, ಎರಡು ದಿನದಲ್ಲಿ ಹೂವೆಲ್ಲ ಕಂದು. ಒಂದು ರಾತ್ರಿ ಬಂದ ಮಳೆ ನಮ್ಮ ಪಡಕ್ಕೆ ಅದನ್ನೇ ಮಾಡಿತು. ಬೆಳಿಗ್ಗೆ ಕಾಕಾ ಔಷಧ ಹೊಡೆಯಲು ಹೋದಾಗ ಬಯಲಲ್ಲಿ ಇಟ್ಟಿದ್ದ ಬಕೆಟ್ಟಿನಲ್ಲಿ ನೀರು ನಿಂತಿತ್ತು. ಅದೇ ನೀರಿನಲ್ಲಿ ಔಷಧ ಕಲಿಸಬೇಕಾಗಿತ್ತಲ್ಲ, ಲೀಟರ್ ಮಗ್ಗಿನಿಂದ ಅಳೆದ: ನಾಲ್ಕೂವರೆ ಲೀಟರ್.

ದ್ರಾಕ್ಷಿಗೆ ಹವಾಮಾನ ಆಧಾರಿತ ವಿಮೆ ಕಟ್ಟಿದ್ದೆವು. ಈ ವಿಮೆಯ ರೀತಿ ಬೇರೆ. ಯಾರೂ ಬಂದು ನಿಮ್ಮ ಗೊನೆ ನೋಡುವುದಿಲ್ಲ. ನಿಮ್ಮ ಪಂಚಾಯ್ತಿಗೆ ಗೊತ್ತು ಮಾಡಿದ ಮಳೆಮಾಪಕದಲ್ಲಿ ಎಷ್ಟು ಮಳೆ ದಾಖಲಾಗಿದೆ ನೋಡಿ, ಒಪ್ಪಂದದ ಕಾಗದದಲ್ಲಿರುವ ಮಿತಿ ದಾಟಿದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಹಣ ಬಂತು, ಆದರೆ ಚಾಟ್ನಿ ಮಾಡಿದ ಆಳುಗಳ ಕೂಲಿಗೂ ಸಾಲದಷ್ಟು. ಕಾಕಾ ವಿಚಾರಿಸಿಕೊಂಡು ಬಂದ. ಆ ದಿನದ ಮಳೆ ಅಂತ ಪಟ್ಟಿಯಲ್ಲಿ ಇದ್ದದ್ದು 11 ಮಿ.ಮೀ. ಅವತ್ತು ರಾತ್ರಿ ಕಟ್ಟೆ ಮೇಲೆ ಕೂತು ಅವನು ಅಂದ ಮಾತು ನನಗೆ ಇನ್ನೂ ಹಾಗೇ ಇದೆ: "ನನ್ನ ಹೊಲದಾಗ ಬಿದ್ದ ಮಳಿ ಯಾರ ಕಾಗದದಾಗೂ ಇಲ್ಲೇನು ಹಂಗಾದ್ರ?"

ಪಿಯುಸಿಯಲ್ಲಿ ನನಗೆ ಉತ್ತರ ಗೊತ್ತಿರಲಿಲ್ಲ. ಸಿವಿಲ್ ಸೇರಿ ಹೈಡ್ರಾಲಜಿ ಓದುವಾಗ, ಸುಬ್ರಮಣ್ಯ ಅವರ 'ಎಂಜಿನಿಯರಿಂಗ್ ಹೈಡ್ರಾಲಜಿ'ಯ ಎರಡನೇ ಅಧ್ಯಾಯದಲ್ಲಿ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆಯಾಗಿ ಬರುವ ಒಂದು ಸಾಲಿನಲ್ಲಿ ಸಿಕ್ಕಿತು. ಐಎಸ್ 4987 ಪ್ರಕಾರ ಬಯಲು ಸೀಮೆಯಲ್ಲಿ 520 ಚದರ ಕಿಲೋಮೀಟರಿಗೆ ಒಂದು ಮಳೆಮಾಪಕ ಇರಬೇಕು. ಈಗ ಪಂಚಾಯ್ತಿಗಳಲ್ಲೂ ಮಾಪಕ ಬಂದಿವೆ, ಅದಕ್ಕಿಂತ ಬಹಳ ದಟ್ಟ. ಆದರೂ ಲೆಕ್ಕ ಹಾಕಿ ನೋಡಿ. ಮಾಪಕದ ಬಾಯಿ 200 ಚದರ ಸೆಂ.ಮೀ., ಅಂದರೆ ಒಂದು ಊಟದ ತಟ್ಟೆಗಿಂತ ಸಣ್ಣದು. ಒಂದು ಚದರ ಕಿ.ಮೀ. ನೆಲದಲ್ಲಿ ಅಂಥವು 5 ಕೋಟಿ ಹಿಡಿಸುತ್ತವೆ. ಗುಡುಗು ಮಳೆ ಕೆಲವೇ ಕಿಲೋಮೀಟರ್ ಅಗಲದ ಮೋಡದಿಂದ ಸುರಿಯುವಂಥದ್ದು. ಎತ್ತಿನ ಒಂದು ಕೋಡು ತೋಯ್ದರೆ ಇನ್ನೊಂದು ಒಣಗಿರುತ್ತದೆ ಅಂತ ನಮ್ಮಲ್ಲಿ ಹೇಳುವುದು ಬರೇ ತಮಾಷೆಯಲ್ಲ. ಮಾಪಕ ಸುಳ್ಳು ಹೇಳಿರಲಿಲ್ಲ. ತನ್ನ ತಟ್ಟೆಯ ಮೇಲೆ ಬಿದ್ದದ್ದನ್ನು ಅದು ಸರಿಯಾಗಿಯೇ ಬರೆದಿತ್ತು.

ಆಮೇಲೆ ಕಾಕಾನ ಬಕೆಟ್ಟಿನ ಬಾಯಿ ಅಳೆದೆ. ವ್ಯಾಸ 30 ಸೆಂ.ಮೀ., ಕ್ಷೇತ್ರಫಲ 707 ಚದರ ಸೆಂ.ಮೀ. 4500 ಮಿಲಿಲೀಟರ್ ಭಾಗಿಸು 707, ಅಂದರೆ 6.4 ಸೆಂ.ಮೀ. ಹತ್ತಿರ ಹತ್ತಿರ 64 ಮಿ.ಮೀ. ಬಕೆಟ್ಟಿನ ಬುಡ ಕಿರಿದು, ಬಾಯಿ ಅಗಲ. ಹಾಗಾಗಿ ನೀರಿನ ಎತ್ತರ ಅಳೆದರೆ ಲೆಕ್ಕ ತಪ್ಪುತ್ತದೆ, ನೀರಿನ ಪ್ರಮಾಣವನ್ನು ಬಾಯಿಯ ಕ್ಷೇತ್ರಫಲದಿಂದ ಭಾಗಿಸಬೇಕು. ಇದನ್ನು ಗೈಡ್ ಸರ್‌ಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಮಳಿ ಬರೂಕಿಂತ ಮೊದ್ಲ ಬಕೆಟ್ ಖಾಲಿ ಇತ್ತು ಅನ್ನಾಕ ಏನು ಪುರಾವೆ?" ಕಾಕಾ ಮಾತ್ರ ದೇವರ ಆಣೆ ಮಾಡಿ ಖಾಲಿ ಇತ್ತು ಅಂತಾನೆ. ಆಣೆಯನ್ನು ಗ್ರಾಫಿನಲ್ಲಿ ಹಾಕಲು ಬರುವುದಿಲ್ಲ.

ಆಗ ಮಿನಿ ಪ್ರಾಜೆಕ್ಟಿನ ವಿಷಯ ಗಟ್ಟಿಯಾಯಿತು: ನಮ್ಮ ಭಾಗದ ಮಳೆಯ ಬಗ್ಗೆ ಏನೇನು ಬರೆದಿಟ್ಟಿದ್ದಾರೆ, ಯಾರು, ಹೇಗೆ ಬರೆದಿಟ್ಟಿದ್ದಾರೆ.

ಕ್ಲೈಮಟಲಾಜಿಕಲ್ ಟೇಬಲ್ಸ್ ಸಿಕ್ಕಿದ್ದು ಆಗ. 1981ರಿಂದ 2010ರವರೆಗಿನ ಸರಾಸರಿಗಳ ಆವೃತ್ತಿ. ದೇಶದ ಒಂದೊಂದು ವೀಕ್ಷಣಾಲಯಕ್ಕೂ ಒಂದೊಂದು ಕೋಷ್ಟಕ. ಪುಟ ತಿರುವುತ್ತ ಹೋದಂತೆ 'ಬಿಜಾಪುರ' ಅಂತ ಬಂತು, ಹಳೇ ಹೆಸರಿನಲ್ಲೇ. ನನ್ನೂರಿನ ಪಕ್ಕದ ಪಟ್ಟಣದ ಆಕಾಶ ಒಂದು ಕೋಷ್ಟಕದಲ್ಲಿ ಕೂತಿತ್ತು: ಗಾಳಿಯ ಒತ್ತಡ, ಉಷ್ಣತೆ, ತೇವಾಂಶ, ಎಷ್ಟು ಪಾಲು ಮೋಡ, ಎಷ್ಟು ಮಳೆ, ಮಳೆ ಬಿದ್ದ ದಿನ ಎಷ್ಟು. ಪ್ರತಿ ತಿಂಗಳಿಗೂ ಎರಡು ಸಾಲು. ಒಂದು ಬೆಳಿಗ್ಗೆ 8.30ರದು, ಒಂದು ಸಂಜೆ 5.30ರದು. ನನಗೆ ಹಿಡಿಸಿದ್ದು ಈ ಎರಡು ಸಾಲು. ಮೂವತ್ತು ವರ್ಷ, ದೀಪಾವಳಿ ಇರಲಿ, ಮನೆಯಲ್ಲಿ ಮದುವೆ ಇರಲಿ, ಯಾರೋ ಒಬ್ಬರು ಅದೇ ಹೊತ್ತಿಗೆ ಹೋಗಿ ಉಷ್ಣಮಾಪಕ ನೋಡಿ ಬರೆದಿದ್ದಾರೆ. ಅವರ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಕೋಷ್ಟಕದಲ್ಲಿ ವಿಜಯಪುರದ ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲಿ ಎಲ್ಲಕ್ಕೂ ದೊಡ್ಡ ಪಾಲು ಸೆಪ್ಟೆಂಬರಿನದು. ಮುಂಗಾರು ಅಂದರೆ ಜೂನ್-ಜುಲೈ ಎಂದು ಪಠ್ಯಪುಸ್ತಕದಲ್ಲಿ ಓದಿ ಬೆಳೆದ ನಮಗೆ, ನಮ್ಮ ಜಿಲ್ಲೆಯ ಮಳೆ ನಿಜವಾಗಿ ಸೆಪ್ಟೆಂಬರಿನದು ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುತ್ಯಾಗೆ ಹೇಳಿದರೆ "ಅದನ್ನ ಹೇಳಾಕ ಪುಸ್ತಕ ಬೇಕೇನವ್ವಾ? ಉತ್ತರಿ, ಹಸ್ತಿ ಹಿಡದ್ರ ನಮ್ಮ ಜೋಳ" ಅಂದ. ಉತ್ತರಾ ಮಳೆ ಸೆಪ್ಟೆಂಬರ್ 13ರ ಸುಮಾರಿಗೆ ಹೂಡುತ್ತದೆ, ಹಸ್ತಾ 27ರ ಸುಮಾರಿಗೆ. ಪುಸ್ತಕವೂ ಮುತ್ಯಾನೂ ಹೇಳಿದ್ದು ಒಂದೇ.

ಆದರೆ 'ಮಳೆ ದಿನ' ಅನ್ನುವುದರಲ್ಲಿ ಇಬ್ಬರಿಗೂ ಕೂಡಲಿಲ್ಲ. ಇಲಾಖೆಯ ಪ್ರಕಾರ 24 ತಾಸಿನಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆ ದಿನ. ನಾನು ಸ್ಕೇಲ್ ತೆಗೆದು ಎರಡೂವರೆ ಮಿ.ಮೀ. ತೋರಿಸಿದೆ. ಮುತ್ಯಾ ಬಗ್ಗಿ ನೋಡಿ, "ಇಷ್ಟಕ್ಕ ಮಳಿ ಅಂತಾರೇನು? ದೂಳ ಸುದ್ದಾ ಕುಂದ್ರೂದಿಲ್ಲ" ಅಂದು ಟ್ರಂಕು ತೆಗೆದ.

ಟ್ರಂಕಿನಲ್ಲಿ ಪಂಚಾಂಗಗಳು. ಪ್ರತಿ ಯುಗಾದಿಗೆ ಕೊಂಡವು, ವರ್ಷವಾರು ಅರಿವೆಯಲ್ಲಿ ಕಟ್ಟಿಟ್ಟವು. ಕೆಲವನ್ನು ಇಲಿ ತಿಂದಿವೆ. ಪ್ರತಿಯೊಂದರಲ್ಲೂ ಮಳೆ ನಕ್ಷತ್ರಗಳ ಪುಟದ ಅಂಚಿನಲ್ಲಿ ಮುತ್ಯಾನ ಅಕ್ಷರ. "ಉತ್ತರಿ, 2 ಗೇಣು." "ಹಸ್ತಿ ಇಲ್ಲ." "ಚಿತ್ತಿ, 4 ಬಟ್ಟು, ಗಾಳಿ." ಗೇಣು ಅಂದರೆ ಮಳೆ ಬಂದ ಮರುದಿನ ಹೊಲದಲ್ಲಿ ಗುದ್ದಲಿಯಿಂದ ಅಗೆದು, ಹಸಿ ಎಷ್ಟು ಆಳ ಇಳಿದಿದೆ ಅಂತ ಕೈಯಿಟ್ಟು ನೋಡಿದ ಅಳತೆ. ಅವನ ದಾಖಲೆ ಆಕಾಶದಿಂದ ಎಷ್ಟು ಬಿತ್ತು ಅನ್ನುವುದರದ್ದಲ್ಲ, ನೆಲ ಎಷ್ಟು ಕುಡಿಯಿತು ಅನ್ನುವುದರದ್ದು. ಹದ ಆಯಿತೋ ಇಲ್ಲವೋ, ಕೂರಿಗೆ ಹೂಡಬಹುದೋ ಇಲ್ಲವೋ. ಉತ್ತರ ಕರ್ನಾಟಕ ಮುಳುಗಿದ 2009ರ ಪಂಚಾಂಗದಲ್ಲಿ ಹಸ್ತಾ ಮಳೆಯ ಮುಂದೆ ಗೇಣೂ ಇಲ್ಲ, ಬಟ್ಟೂ ಇಲ್ಲ: "ನಾಕ ದಿನ ಹೊಲಕ್ಕ ಹೋಗಾಕ ಆಗಲಿಲ್ಲ" ಅಂತ ಅಷ್ಟೇ ಇದೆ.

ಪಂಚಾಂಗದಲ್ಲಿ ಅಚ್ಚಾದ ಭಾಗದ ಬಗ್ಗೆಯೂ ಒಂದು ಮಾತು ಹೇಳಬೇಕು, ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಖುಷಿಯಾಗುತ್ತದೆ. ಒಂದೊಂದು ಮಳೆಗೂ ಒಂದೊಂದು ವಾಹನ ಇರುತ್ತದಲ್ಲ, ಕುದುರೆ, ನರಿ, ಕಪ್ಪೆ, ಟಗರು, ನವಿಲು, ಇಲಿ, ಕೋಣ, ಕತ್ತೆ, ಆನೆ ಅಂತ. ಅದು ಹೇಗೆ ಬರುತ್ತದೆ ಅಂತ ಹುಡುಕಿದೆ. ಸೂರ್ಯ ಆ ನಕ್ಷತ್ರ ಸೇರುವ ಹೊತ್ತಿಗೆ ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ನೋಡಬೇಕು. ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ 9ರಿಂದ ಭಾಗಿಸಬೇಕು. ಶೇಷ 1 ಉಳಿದರೆ ಕುದುರೆ, 2 ಉಳಿದರೆ ನರಿ, ಹೀಗೆ ಸೊನ್ನೆ ಉಳಿದರೆ ಆನೆ. ಅಪ್ಪಟ ಮಾಡ್ಯುಲೋ 9! ಕಪ್ಪೆ, ಕೋಣ, ಆನೆ ಬಂದರೆ ಜೋರು ಮಳೆ ಅಂತ ನಂಬಿಕೆ. ತೊಂದರೆ ಏನೆಂದರೆ ಸೂರ್ಯ-ಚಂದ್ರರು ಎಲ್ಲರಿಗೂ ಒಬ್ಬೊಬ್ಬರೇ. ಚಿರಾಪುಂಜಿಗೆ ಆನೆ ಬಂದ ದಿನ ಟಿಕೋಟಾಕ್ಕೂ ಆನೆಯೇ ಬರಬೇಕು. ಇದನ್ನು ದೊಡ್ಡ ಶೋಧ ಮಾಡಿದವರ ಹಾಗೆ ಮುತ್ಯಾನ ಮುಂದೆ ಹೇಳಿದೆ. ಅವನು ಒಂದು ಹಳೇ ಪಂಚಾಂಗ ತೆಗೆದು ಬೆರಳಿಟ್ಟು ತೋರಿಸಿದ. ವಾಹನ ಆನೆ ಅಂತ ಅಚ್ಚಾಗಿದ್ದ ಮಳೆಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಎರಡೇ ಶಬ್ದ: "ಆನಿ ಬರಲಿಲ್ಲ."

ನನಗೆ ಅಲ್ಲಿಯವರೆಗೆ ಮುತ್ಯಾ ಪಂಚಾಂಗ ನಂಬುವವನು, ನಾನು ವಿಜ್ಞಾನ ಓದುವವಳು ಅಂತ ಇತ್ತು. ಅವನು ಪಂಚಾಂಗವನ್ನು ನಂಬಿರಲಿಲ್ಲ. ಅದನ್ನು ಬರೆಯುವ ಹಾಳೆ ಮಾಡಿಕೊಂಡು, ಅದರ ಭವಿಷ್ಯವನ್ನು ಪ್ರತಿ ಸಲ ಪರೀಕ್ಷೆಗೆ ಹಚ್ಚಿದ್ದ.

ಮುತ್ಯಾನದು ಒಂದು ತಕರಾರು ಇತ್ತು, "ಈಗಿನ ಮಳಿ ನಕ್ಷತ್ರಕ್ಕ ಬರೂದಿಲ್ಲ" ಅಂತ. ಅದಕ್ಕೂ ಲೆಕ್ಕ ಹಾಕಿದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತಿರುಗುವುದರಿಂದ ನಕ್ಷತ್ರದ ದಿನಾಂಕಗಳು ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತವೆ. ವರಾಹಮಿಹಿರನ ಆರನೇ ಶತಮಾನದಿಂದ ಇಲ್ಲಿವರೆಗೆ ಸುಮಾರು ಮೂರು ವಾರ. ಆದರೆ ಮುತ್ಯಾನ ಆಯುಷ್ಯದಲ್ಲಿ ಜಾರಿದ್ದು ಒಂದೇ ದಿನ. ಹಾಗಾದರೆ ನಕ್ಷತ್ರದ ತಪ್ಪಲ್ಲ, ಮಳೆಯೇ ಬದಲಾಗಿದೆ ಅಥವಾ ಮುತ್ಯಾನ ನೆನಪು ಬದಲಾಗಿದೆ. ಯಾವುದು ಅಂತ ಹೇಳಲು ಟ್ರಂಕಿನಲ್ಲಿದ್ದಷ್ಟು ವರ್ಷ ಸಾಲುವುದಿಲ್ಲ, ಅದೂ ಇಲಿ ತಿಂದು ಉಳಿದದ್ದು.

ಮಳೆಯ ಲೆಕ್ಕದ ಪುಸ್ತಕ ಕನ್ನಡಕ್ಕೆ ಹೊಸದೇನಲ್ಲ. ಸುಮಾರು ಕ್ರಿ.ಶ. 1300ರಲ್ಲಿ ರಟ್ಟಕವಿ ಬರೆದ 'ರಟ್ಟಮತ' ಪೂರ್ತಿ ಇದೇ ವಿಷಯದ್ದು: ಮಳೆ, ಮಿಂಚು, ಭೂಕಂಪ, ಗ್ರಹ, ಶಕುನ. ಆಮೇಲೆ ಅದು ತೆಲುಗಿಗೂ ಹೋಯಿತು. ಅರ್ಥಶಾಸ್ತ್ರದ ಕೌಟಿಲ್ಯ ಉಗ್ರಾಣದ ಮುಂದೆ ಒಂದು ಪಾತ್ರೆ ಇಟ್ಟು ಮಳೆ ಅಳೆಯಬೇಕು ಅನ್ನುತ್ತಾನೆ. ಉಗ್ರಾಣದ ಮುಂದೆ ಯಾಕೆ? ಮಳೆಯ ಲೆಕ್ಕ ಮೊದಲಿನಿಂದಲೂ ಕಾಳಿನ ಲೆಕ್ಕ, ಕಂದಾಯದ ಲೆಕ್ಕ. ಬ್ರಿಟಿಷರ ಕಾಲಕ್ಕೂ ಹಾಗೇ. ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ, ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥ. ಮರುವರ್ಷವೇ 1876-78ರ ಮಹಾ ಬರ, ನಮ್ಮ ಜಿಲ್ಲೆಯನ್ನು ಹಿಂಡಿ ಹಾಕಿದ ಬರ. ಆ ಬರದ ಮೇಲೆ ಸರಕಾರ ಮುಂಗಾರಿನ ಮುನ್ಸೂಚನೆ ಕೊಡು ಅಂತ ಬ್ಲಾನ್‌ಫೋರ್ಡನ ಬೆನ್ನು ಬಿತ್ತು; ಹಿಮಾಲಯದ ಹಿಮ ನೋಡಿ ಅವನು ಮುನ್ಸೂಚನೆ ಹೇಳತೊಡಗಿದ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ದೇಶದಲ್ಲಿ ಐದು ಕೇಂದ್ರ ತೆರೆದಾಗ ಅದರಲ್ಲಿ ಬಿಜಾಪುರವೂ ಒಂದು. ನಮ್ಮ ಮಳೆ ಅಷ್ಟು ದಿನದಿಂದ ಪುಸ್ತಕದಲ್ಲಿದೆ, ಮತ್ತು ಅದು ಅಲ್ಲಿರುವುದು ನಾವು ಹಸಿದದ್ದಕ್ಕೆ.

ಈಗ ಸರಾಸರಿಯ ವಿಷಯ. 'ವಾಡಿಕೆ ಮಳೆ' ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ಹಲವು ದಶಕಗಳ ಸರಾಸರಿ. ಅದಕ್ಕಿಂತ ಶೇ. 19ರವರೆಗೆ ಹೆಚ್ಚು ಕಡಿಮೆ ಆದರೂ ಇಲಾಖೆಯ ಭಾಷೆಯಲ್ಲಿ ಅದು 'ವಾಡಿಕೆ'ಯೇ. ಸೆಪ್ಟೆಂಬರಿನಲ್ಲಿ ಹದ ಆಗದೆ ಬಿತ್ತನೆ ತಪ್ಪಿ, ನವೆಂಬರಿನಲ್ಲಿ ಒಂದೇ ರಾತ್ರಿ ಸುರಿದು ದ್ರಾಕ್ಷಿ ಕೊಳೆತರೆ ವರ್ಷದ ಲೆಕ್ಕದಲ್ಲಿ ಅದು ವಾಡಿಕೆ ವರ್ಷ. ಮುತ್ಯಾನಿಗೂ ಹೋಯಿತು, ಕಾಕಾನಿಗೂ ಹೋಯಿತು, ಕೋಷ್ಟಕಕ್ಕೆ ಏನೂ ಆಗಲಿಲ್ಲ. ಇದು ಪುಸ್ತಕದ ದೋಷ ಅಂತ ನಾನು ಹೇಳುತ್ತಿಲ್ಲ. ವಿಮಾನ ನಿಲ್ದಾಣಕ್ಕೆ, ಸೇತುವೆಗೆ, ಚರಂಡಿಗೆ ಡಿಸೈನ್ ಮಾಡುವ ನಮ್ಮಂಥವರಿಗೆ ಅದಿಲ್ಲದೆ ನಡೆಯುವುದೇ ಇಲ್ಲ. ಆದರೆ ಅದನ್ನು ತಂದು ಒಬ್ಬ ರೈತನ ಮುಂದಿಟ್ಟು 'ನಿಮ್ಮ ಊರಿನ ಮಳೆ ಇಷ್ಟು' ಅಂದರೆ, ಅವನು ನಗುತ್ತಾನೆ ಅಥವಾ ನಮ್ಮ ಕಾಕಾನ ಹಾಗೆ ಕಟ್ಟೆ ಮೇಲೆ ಸುಮ್ಮನೆ ಕೂಡುತ್ತಾನೆ.

ಪ್ರಾಜೆಕ್ಟ್ ವೈವಾದಲ್ಲಿ ಹೊರಗಿನ ಪರೀಕ್ಷಕರು "ಗೇಣನ್ನು ಮಿಲಿಮೀಟರಿಗೆ ಹೆಂಗ ಬದಲಾಯಿಸಿದ್ರಿ?" ಅಂತ ಕೇಳಿದರು. ಬದಲಾಯಿಸಿಲ್ಲ ಸರ್, ಬರುವುದಿಲ್ಲ ಅಂದೆ. ಒಣಗಿ ಬಿರಿದ ಎರಿ ನೆಲದಲ್ಲಿ ಮೊದಲ ಮಳೆ ಬಿರುಕಿಗೆ ಹೋಗುತ್ತದೆ, ಬಿರುಕು ಮುಚ್ಚಿದ ಮೇಲೆ ಅದೇ ಮಳೆ ಮೇಲೆ ಹರಿದು ಡೋಣಿ ಸೇರುತ್ತದೆ. ಒಂದೇ ಮಿಲಿಮೀಟರಿಗೆ ಬೇರೆ ಬೇರೆ ಗೇಣು. ಅವರು ಏನೋ ಬರೆದುಕೊಂಡರು. ಮಾರ್ಕ್ಸ್ ಪರವಾಗಿಲ್ಲ.

ಕಾಕಾನಿಗೆ ಒಂದು ಮಳೆಮಾಪಕ ಮಾಡಿಕೊಟ್ಟೆ. ಬಾಯಿ 16 ಸೆಂ.ಮೀ. ವ್ಯಾಸದ ಲಾಳಿಕೆ, ಕೆಳಗೆ ಒಂದು ಕ್ಯಾನು, ಸುತ್ತ ಪಿವಿಸಿ ಪೈಪು. 16 ಸೆಂ.ಮೀ. ಯಾಕೆಂದರೆ ಅದರ ಕ್ಷೇತ್ರಫಲ ಸರಿಸುಮಾರು 200 ಚದರ ಸೆಂ.ಮೀ. ಆಗುತ್ತದೆ, ಆಗ 20 ಮಿಲಿಲೀಟರ್ ನೀರು ಅಂದರೆ ಒಂದು ಮಿ.ಮೀ. ಮಳೆ. ಔಷಧ ಅಳೆಯುವ 20 ಮಿಲಿಯ ಸಿರಿಂಜು ನಮ್ಮ ಮನೆಯಲ್ಲಿ ಯಾವತ್ತೂ ಇರುತ್ತದೆ. ಒಂದು ಸಿರಿಂಜು, ಒಂದು ಮಿಲಿಮೀಟರ್. ಮಿಲಿಮೀಟರ್ ಅನ್ನುವ ಮಾತೇ ನಮ್ಮ ಮನೆಯಿಂದ ಹೋಯಿತು. "ಇವತ್ತ ಎಷ್ಟು ಸಿರಿಂಜ್?" ಅಂತ ಅಪ್ಪ ಕೇಳುತ್ತಾನೆ. ಕಾಕಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನೋಡಿ ವಹಿಯಲ್ಲಿ ಬರೆಯುತ್ತಾನೆ. ಮಳೆ ಇಲ್ಲದ ದಿನವೂ ಸೊನ್ನೆ ಬರೆಯಬೇಕು ಅಂತ ಹೇಳಿದ್ದೇನೆ. ಮೊದಮೊದಲು "ಸೊನ್ನಿ ಯಾಕ ಬರೀಬೇಕವಾ?" ಅಂತಿದ್ದ. ಖಾಲಿ ಬಿಟ್ಟರೆ ನೋಡಲೇ ಇಲ್ಲ ಅಂತ ಅರ್ಥ ಆಗುತ್ತದೆ, ಬಕೆಟ್ಟು ಖಾಲಿ ಇತ್ತು ಅನ್ನಲು ಪುರಾವೆ ಇಲ್ಲದ ಹಾಗೆ, ಅಂದೆ. ಅವತ್ತಿನಿಂದ ಸೊನ್ನೆ ತಪ್ಪಿಸಿಲ್ಲ. ಈ ವಹಿ ವಿಮೆಗೆ ನಡೆಯುವುದಿಲ್ಲ. ಕಾಕಾನಿಗೂ ಅದು ಗೊತ್ತು.

ಮುತ್ಯಾ ತನಗೂ ಒಂದು ಬೇಕು ಅಂದ, ಮಾಡಿಕೊಟ್ಟೆ. ಅವನ ಕಣ್ಣು ಈಗ ಮಂಜು, ಅಂಚಿನಲ್ಲಿ ಬರೆಯಲು ಆಗುವುದಿಲ್ಲ. ಮಾಮಾ ಸಿರಿಂಜು ಎಣಿಸುತ್ತಾನೆ, ಮುತ್ಯಾ ಕೋಲು ಊರಿಕೊಂಡು ಹೊಲಕ್ಕೆ ಹೋಗಿ ಕೈಯಿಂದ ಹಸಿ ನೋಡುತ್ತಾನೆ, ನಾನು ಊರಿಗೆ ಹೋದಾಗ ಪಂಚಾಂಗದಲ್ಲಿ ಬರೆಯುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಉತ್ತರಾ ಮಳೆ ಆದ ಮೇಲೆ ಹೋಗಿದ್ದೆ. "ಹ್ಞೂ, ಬರಿ" ಅಂದ. ಬರೆದೆ: ಉತ್ತರಿ, 31 ಸಿರಿಂಜ್, ಒಂದು ಗೇಣು. ಅಲ್ಲೇ ಪಕ್ಕದಲ್ಲಿ ವಾಹನ ಅಚ್ಚಾಗಿತ್ತು. ಅದೇನು ಬಂದೈತಿ ಅಂತ ಅವನು ಕೇಳಲಿಲ್ಲ, ನಾನೂ ಓದಿ ಹೇಳಲಿಲ್ಲ. "ಕೂರಿಗಿ ತಗೀರಿ" ಅಂತ ಮಾಮಾನ್ನ ಕೂಗಿದ.